ಅವ್ವನ ಹೊಲಿಗೆ ಮಷಿನ್ ವಿಚಾರವಾಗಿ ಅತ್ತಿಗೆಗೆ ಬರೆದ ಪತ್ರ

ಗ್ಲಾಸ್ಗೋ, ಸ್ಕಾಟ್ಲೆಂಡ್

ಪ್ರೀತಿಯ ಅತ್ತಿಗೆಯವರಿಗೆ ನಿಮ್ಮ ನಾದಿನಿಯ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅವ್ವನ ಮೊಣಕಾಲು ನೋವು ಈಗ ಹೇಗಿದೆ, ಮಕ್ಕಳ ಓದು ಹೇಗೆ ಸಾಗಿದೆ ಎಂಬುದನ್ನು ಬಿಡುವಾದಾಗ ಬರೆಯಿರಿ.

ಮೊನ್ನೆ ಫೋನಿನಲ್ಲಿ ಅರ್ಧಕ್ಕೆ ನಿಂತ ಮಾತನ್ನು ಕಾಗದದಲ್ಲಿಯೇ ವಿವರವಾಗಿ ಬರೆಯುವುದು ಒಳ್ಳೆಯದೆಂದು ತೋರಿತು. ಹಿಂದಿನ ಕೋಣೆಯಲ್ಲಿರುವ ಅವ್ವನ ಕರಿ ಮಷಿನ್ನನ್ನು ಗುಜರಿಗೆ ಹಾಕಿ, ನೂರಾರು ಬಗೆಯ ಹೊಲಿಗೆ ಹಾಕುವ ಕಂಪ್ಯೂಟರ್ ಮಷಿನ್ ತರಬೇಕೆಂದು ಅಣ್ಣ ಹೇಳುತ್ತಿರುವುದಾಗಿ ತಿಳಿಸಿ, ನನ್ನ ಅಭಿಪ್ರಾಯವೇನೆಂದು ಕೇಳಿದ್ದಿರಿ. ನನ್ನ ಅಭಿಪ್ರಾಯ ಇಷ್ಟೇ: ಹಳೆಯದನ್ನು ಕೊಡಬೇಡಿ, ಹೊಸದನ್ನು ಸದ್ಯಕ್ಕೆ ಕೊಳ್ಳಬೇಡಿ, ಮುಂದೆ ಕೊಳ್ಳುವುದಾದರೂ ಸಾದಾ ಮಷಿನ್ನನ್ನೇ ಕೊಳ್ಳಿ. ಹೀಗೆ ಹೇಳಲು ಕಾರಣಗಳಿವೆ, ಅವನ್ನು ಅಣ್ಣನಿಗೂ ಓದಿ ಹೇಳಿ.

ಮನೆಯಲ್ಲಿ ಮಷಿನ್ ಇಟ್ಟುಕೊಂಡು ನಾನಿಲ್ಲಿ ಹೊಲಿಯುವುದೇನೆಂದು ಕೇಳಿದರೆ ನಿಮಗೆ ನಗು ಬಂದೀತು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕಿಟಕಿಗೆ ತಕ್ಕಂತೆ ಪರದೆಯ ಅಂಚು ಮಡಚುವುದು, ದಿಂಬಿನ ಗವಸು, ತರಕಾರಿ ಚೀಲ, ಜಾಕೆಟ್ಟಿನ ಕೆಟ್ಟ ಜಿಪ್ ಬದಲಿಸುವುದು, ಮಗನ ಶಾಲೆಯ ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕುವುದು. ಊರಿನಿಂದ ಹೊಲಿಸಿ ತಂದ ಬ್ಲೌಸುಗಳು ಬಿಗಿಯಾದಾಗ, ಟೇಲರು ಪಕ್ಕದಲ್ಲಿ ಬಿಟ್ಟಿರುವ ಮಾರ್ಜಿನ್ ಬಿಚ್ಚಿ ಮತ್ತೊಂದು ಗೆರೆ ಹೊಲಿದುಕೊಳ್ಳುವುದೂ ಇದೇ ಮಷಿನ್ನಿನಲ್ಲಿ, ಏಕೆಂದರೆ ಬ್ಲೌಸಿನ ಕಂಕುಳ ಪಟ್ಟಿ ಏನೆಂದು ಬಲ್ಲ ಟೇಲರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಬಳ್ಳಾರಿಯಲ್ಲಾದರೆ ಕೌಲ್ ಬಜಾರಿನ ಯಾವ ಮೂಲೆಯಲ್ಲಿ ಕುಳಿತವರೂ ಚಹಾ ಮುಗಿಯುವುದರೊಳಗೆ ಮಾಡಿಕೊಡುವ ಪ್ಯಾಂಟಿನ ಪಟ್ಟಿಗೆ ಇಲ್ಲಿ ದಿನಗಟ್ಟಲೆ ಕಾಯಬೇಕು, ಕೂಲಿಯೂ ಹೆಚ್ಚು. ಈ ಕೆಲಸಗಳಲ್ಲಿ ಬಹುಪಾಲು ಬೇಡುವುದು ನೇರ ಹೊಲಿಗೆಯೊಂದನ್ನೇ. ಹೂ, ಬಳ್ಳಿ, ಬಾತುಕೋಳಿಗಳ ಚಿತ್ತಾರ ಹಾಕುವ ಹೊಲಿಗೆಗಳನ್ನು ಕೊಂಡ ಹೊಸತರಲ್ಲಿ ಹಳೆಯ ಬಟ್ಟೆಯ ತುಂಡಿನ ಮೇಲೆ ಹಾಕಿ ನೋಡಿ ಸಂತೋಷಪಡುವುದುಂಟು, ಆಮೇಲೆ ಅವುಗಳ ಗುಂಡಿಯನ್ನು ಯಾರೂ ಒತ್ತುವುದಿಲ್ಲ.

ಅವ್ವನ ಮಷಿನ್ ಕೆಟ್ಟಿದೆ ಎಂದಿರಿ. ಎರಡು ದೂರು ಹೇಳಿದಿರಿ: ತುಳಿಯಲು ಭಾರವಾಗಿದೆ, ಬಟ್ಟೆಯ ಕೆಳಗೆ ದಾರ ಗಂಟುಗಂಟಾಗಿ ಬರುತ್ತದೆ. ಇವೆರಡೂ ಮಷಿನ್ ಸತ್ತುಹೋದ ಲಕ್ಷಣಗಳಲ್ಲ.

ಮೊದಲನೆಯದು ಎಣ್ಣೆಯ ದೋಷ. ನಮ್ಮ ಮನೆಯಲ್ಲಿ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನೇ ಮಷಿನ್ನಿನ ತೂತುಗಳಿಗೆ ಬಿಡುವ ಪದ್ಧತಿಯಿತ್ತು. ಅಡುಗೆಯ ಎಣ್ಣೆಗಳು ಗಾಳಿಗೆ ಸೇರಿ ಕಾಲಕ್ರಮದಲ್ಲಿ ಅಂಟಾಗಿ ಗಟ್ಟಿಯಾಗುತ್ತವೆ, ಬಳ್ಳಾರಿಯ ಬೇಸಿಗೆಯ ಧೂಳು ಅದರ ಮೇಲೆ ಕೂತರಂತೂ ಚಕ್ರ ತಿರುಗುವುದೇ ಕಷ್ಟ. ಬೆಲ್ಟನ್ನು ಚಕ್ರದಿಂದ ತಪ್ಪಿಸಿ, ಎಣ್ಣೆ ಬಿಡುವ ಪ್ರತಿಯೊಂದು ತೂತಿಗೂ ಎರಡೆರಡು ಹನಿ ಸೀಮೆಎಣ್ಣೆ ಹಾಕಿ, ಕೈಯಿಂದ ಚಕ್ರವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿರಿ. ಕಂದು ಬಣ್ಣದ ಜಿಡ್ಡು ಕರಗಿ ಹೊರಬಂದಂತೆಲ್ಲ ಹಳೆಯ ಬನಿಯನ್ ತುಂಡಿನಿಂದ ಒರೆಸಿ, ಒಂದು ರಾತ್ರಿ ಬಿಟ್ಟು, ಮರುದಿನ ಹೊಲಿಗೆ ಮಷಿನ್ನಿಗೆಂದೇ ಮಾರುವ ತೆಳು ಎಣ್ಣೆಯನ್ನು ಒಂದೊಂದು ಹನಿ ಬಿಡಿ. ಸೀಮೆಎಣ್ಣೆ ಜಿಡ್ಡು ತೆಗೆಯುತ್ತದೆಯೇ ಹೊರತು ಎಣ್ಣೆಯ ಕೆಲಸ ಮಾಡುವುದಿಲ್ಲವಾದ್ದರಿಂದ ಈ ಎರಡನೆಯ ಹಂತವನ್ನು ಬಿಡಬಾರದು. ಈ ಕೆಲಸಕ್ಕೆ ಕೂರುವಾಗ ಹತ್ತಿರ ದೀಪ, ಒಲೆ ಬೇಡ. ಸೂಜಿಯ ಕೆಳಗಿನ ತಗಡನ್ನು ಬಿಚ್ಚಿದರೆ ಬಟ್ಟೆಯನ್ನು ಸರಿಸುವ ಹಲ್ಲುಗಳ ಸಂದಿಯಲ್ಲಿ ನೂಲಿನ ಜುಂಜು ಹತ್ತಿಯ ಬಿಲ್ಲೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆಯಿರಿ. ಬಾಯಿಂದ ಊದಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ.

ಎರಡನೆಯ ದೂರಿಗೆ ಮಷಿನ್ ಹೊಲಿಯುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಜೀವಮಾನವಿಡೀ ಉಪಯೋಗಕ್ಕೆ ಬರುತ್ತದೆ. ಸೂಜಿ ಬಟ್ಟೆಯನ್ನು ಚುಚ್ಚಿ ಪೂರ್ತಿ ಕೆಳಗಿಳಿದು, ಮೇಲೇಳುವಾಗ ಕೂದಲೆಳೆಯಷ್ಟು ಸಡಿಲ ದಾರ ಅದರ ಕಣ್ಣಿನ ಬಳಿ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಕೆಳಗೆ ತಿರುಗುವ ಶಟಲ್ ಎಂಬ ಕೊಕ್ಕೆಯ ಮೂತಿ ಅದೇ ಕ್ಷಣಕ್ಕೆ ಬಂದು ಆ ಕುಣಿಕೆಯನ್ನು ಹಿಡಿದು, ಕೆಳಗಿನ ದಾರದ ಉರುಳೆಯಾದ ಬಾಬಿನ್ನನ್ನು ಸುತ್ತಿಸಿ ಬಿಡುತ್ತದೆ. ಹೀಗೆ ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ತೊಡರಿಕೊಳ್ಳುತ್ತವೆ. ಎರಡರ ಬಿಗಿಯೂ ಸಮನಾಗಿದ್ದರೆ ತೊಡರು ಎರಡೂ ಬದಿಗೆ ಕಾಣುವುದಿಲ್ಲ. ಮೇಲಿನ ದಾರ ಸಡಿಲವಾದರೆ ಅದು ಕೆಳಗೆ ಸೆಳೆಯಲ್ಪಟ್ಟು ಗಂಟಾಗುತ್ತದೆ. ಆದ್ದರಿಂದ ಕೆಳಗೆ ಗಂಟು ಕಂಡರೆ ತಪ್ಪು ಮೇಲಿದೆ ಎಂದೇ ತಿಳಿಯಬೇಕು, ಆದರೆ ಎಲ್ಲರೂ ಮೊದಲು ಕೈ ಹಾಕುವುದು ಬಾಬಿನ್ ಕೂರುವ ಕೇಸಿನ ಪುಟ್ಟ ತಿರುಪಿಗೆ! ಅದನ್ನು ಮುಟ್ಟದೆ, ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ಟನ್ನು ಮೇಲೆತ್ತಿ ಮೇಲಿನ ದಾರವನ್ನು ಪೂರ್ತಿ ತೆಗೆದು ಮೊದಲಿನಿಂದ ಪೋಣಿಸಿ ನೋಡಿ. ಫುಟ್ ಮೇಲಿರುವಾಗ ಮಾತ್ರ ಮೇಲಿನ ದಾರವನ್ನು ಬಿಗಿಹಿಡಿಯುವ ಬಿಲ್ಲೆಗಳು ಬಾಯಿ ಬಿಟ್ಟಿರುತ್ತವೆ, ಕೆಳಗಿದ್ದರೆ ದಾರ ಅವುಗಳ ನಡುವೆ ಇಳಿಯದೆ ಮೇಲೆಯೇ ತೇಲುತ್ತದೆ. ಅರ್ಧದಷ್ಟು ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ ಎಂದು ನನ್ನ ನಂಬಿಕೆ.

ಉಳಿದರ್ಧ ಸೂಜಿಯದು. ಅವ್ವ ಸೂಜಿ ಮುರಿಯುವವರೆಗೂ ಬದಲಿಸಿದವಳಲ್ಲ. ಮೊಂಡಾದ ಸೂಜಿ ಬಟ್ಟೆಯನ್ನು ಚುಚ್ಚುವ ಬದಲು ಒತ್ತುತ್ತದೆ, ಕುಣಿಕೆ ಸರಿಯಾಗಿ ಉಬ್ಬುವುದಿಲ್ಲ, ಶಟಲಿಗೆ ಸಿಗುವುದಿಲ್ಲ, ಹೊಲಿಗೆ ನಡುನಡುವೆ ತಪ್ಪುತ್ತದೆ. ಸೂಜಿಯನ್ನು ಬೆರಳ ನಡುವೆ ತಿರುಗಿಸಿ ನೋಡಿದರೆ ಒಂದು ಬದಿಗೆ ಉದ್ದಕ್ಕೂ ಸಣ್ಣ ಕಾಲುವೆ ಇರುವುದು ಕಾಣುತ್ತದೆ. ದಾರ ಯಾವ ಕಡೆಯಿಂದ ಕಣ್ಣಿನೊಳಕ್ಕೆ ಹೋಗುತ್ತದೆಯೋ ಆ ಕಡೆಗೆ ಈ ಕಾಲುವೆ ಇರುವಂತೆ ಸೂಜಿ ಸಿಕ್ಕಿಸಬೇಕು. ತೆಳು ವಾಯಿಲ್, ಬ್ಲೌಸ್ ಬಟ್ಟೆಗೆ 11 ನಂಬರ್, ದಿನಬಳಕೆಯ ಹತ್ತಿ ಬಟ್ಟೆಗೆ 14, ಜೀನ್ಸಿಗೆ 16 ಅಥವಾ 18 ತೆಗೆದುಕೊಳ್ಳಿ.

ಇನ್ನು ಆ ಮಷಿನ್ನಿನ ಮಾತು. ಕಳೆದ ಸಲ ಊರಿಗೆ ಬಂದಾಗ ಅದರ ಬಲಬದಿಯಲ್ಲಿ ಒತ್ತಿರುವ ಸಂಖ್ಯೆಯನ್ನು ನಾನು ಫೋಟೋ ತೆಗೆದುಕೊಂಡಿದ್ದೆ. ಅದು ಆರಂಭವಾಗುವುದು ವೈ ಅಕ್ಷರದಿಂದ. ಆ ಸಾಲಿನ ಸಿಂಗರ್ ಮಷಿನ್ನುಗಳು 1920-30ರ ದಶಕಗಳಲ್ಲಿ ನಮ್ಮ ಪಕ್ಕದ ಕ್ಲೈಡ್‌ಬ್ಯಾಂಕಿನಲ್ಲಿಯೇ ತಯಾರಾದವು. ಅಜ್ಜ ಅದನ್ನು ಯಾರಿಂದಲೋ ಹಳೆಯದಾಗಿ ಕೊಂಡದ್ದೆಂದು ಅವ್ವ ಹೇಳುತ್ತಿದ್ದುದು ಸರಿಯಾಗಿಯೇ ಇದೆ. 1885ರಲ್ಲಿ ತೆರೆದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು, ಆದರೆ ಗ್ಲಾಸ್ಗೋದಿಂದ ಆ ಕಡೆಗೆ ಹೋಗುವ ರೈಲು ಇಂದಿಗೂ ಸಿಂಗರ್ ಎಂಬ ಹೆಸರಿನ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಣ್ಣನಿಗೆ ಆಸಕ್ತಿ ಹುಟ್ಟಿಸುವ ಸಂಗತಿ ಇನ್ನೊಂದಿದೆ. 1911ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಮರದ ಪೆಟ್ಟಿಗೆಗಳಿಗೆ ಪಾಲಿಶ್ ಮಾಡುತ್ತಿದ್ದ 12 ಮಂದಿ ಹೆಂಗಸರು, ಕೆಲಸದ ಹೊರೆ ಹೆಚ್ಚಿಸಿ ಕೂಲಿ ಕಡಿಮೆ ಮಾಡಿದ್ದನ್ನು ಒಪ್ಪದೆ ಕೈ ಕಟ್ಟಿ ಕೂತರು. ಕೆಲವೇ ದಿನಗಳಲ್ಲಿ ಹತ್ತು ಸಾವಿರದಷ್ಟು ಕೆಲಸಗಾರರು ಅವರ ಹಿಂದೆ ಹೊರಬಂದರು. ಒಂದು ಪೀಸಿಗೆ ಇಷ್ಟೆಂದು ಲೆಕ್ಕ ಹಾಕಿ ಜೀನ್ಸ್ ಹೊಲಿಯುವ ಬಳ್ಳಾರಿಯ ನಮ್ಮ ಓಣಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಹೆಸರಿಗಾಗಿ ಅದನ್ನು ಇಟ್ಟುಕೊಳ್ಳಿ ಎನ್ನುತ್ತಿಲ್ಲ, ಎರಕದ ಕಬ್ಬಿಣದ ಆ ಮಷಿನ್ನಿನಲ್ಲಿ ಕೆಡುವಂತಹ ಪ್ಲಾಸ್ಟಿಕ್ ಹಲ್ಲಿನ ಚಕ್ರಗಳಿಲ್ಲ ಎಂಬುದೇ ಮುಖ್ಯ.

ಅವ್ವನಿಗೆ ತುಳಿಯಲು ಮೊಣಕಾಲು ಬಿಡುವುದಿಲ್ಲವಾದರೆ ಪಕ್ಕಕ್ಕೆ ಒಂದು ಸಣ್ಣ ಮೋಟಾರ್ ಕೂರಿಸಿಕೊಳ್ಳಿ. ಕರಿ ಮಷಿನ್ನುಗಳಿಗೆ ಹೊಂದುವ ಮೋಟಾರು, ಕಾಲಿನಿಂದ ಒತ್ತುವ ಸ್ವಿಚ್ಚು ಎರಡೂ ಬಳ್ಳಾರಿಯ ಮಷಿನ್ ಅಂಗಡಿಗಳಲ್ಲಿ ಸಿಗುತ್ತವೆ. ಹೊಸ ಮಷಿನ್ನಿನ ಬೆಲೆಯ ಮುಂದೆ ಇದು ಏನೂ ಅಲ್ಲ.

ಅಣ್ಣ ಇನ್ನೊಂದು ಮಾತನ್ನೂ ಆಡಿದನಂತೆ: ಪರಿಚಯದ ಜೀನ್ಸ್ ಯೂನಿಟ್ಟಿನಿಂದ ಹಳೆಯ ಪವರ್ ಮಷಿನ್ ಅಗ್ಗವಾಗಿ ಸಿಗುತ್ತದೆ, ಅದನ್ನೇ ತರೋಣ ಎಂದು. ದಯವಿಟ್ಟು ಬೇಡವೆನ್ನಿ. ಅದು ಇಡೀ ದಿನ ಒಂದೇ ಬಗೆಯ ಹೊಲಿಗೆಯನ್ನು ನಿಮಿಷಕ್ಕೆ ನಾಲ್ಕೈದು ಸಾವಿರದ ವೇಗದಲ್ಲಿ ಹಾಕಲು ಮಾಡಿದ ಯಂತ್ರ. ಮನೆಯ ಮಷಿನ್ನುಗಳು ಸಾವಿರದ ಆಸುಪಾಸಿನಲ್ಲಿಯೇ ನಿಲ್ಲುತ್ತವೆ, ಕಲಿಯುವವರ ಬೆರಳಿಗೆ ಅಷ್ಟೇ ಕ್ಷೇಮ. ಅದರ ಟೇಬಲ್ಲಿಗೆ ನಮ್ಮ ಮನೆಯಲ್ಲಿ ಜಾಗವೂ ಇಲ್ಲ, ಸೂಜಿಯ ಜಾತಿಯೂ ಬೇರೆ.

ಜೀನ್ಸಿನ ಪ್ಯಾಂಟಿಗೆ ಪಟ್ಟಿ ಹಾಕಲು ಅಂತಹ ಮಷಿನ್ ಬೇಕೇ ಬೇಕೆಂದು ನಿಮಗೆ ಹೇಳಿರಬಹುದು. ಅವ್ವನ ಮಷಿನ್ನಿನಲ್ಲಿಯೇ ಆಗುತ್ತದೆ. 16 ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು ಮೂರೂವರೆ ಮಿಲಿಮೀಟರಿನಷ್ಟು ಮಾಡಿಕೊಳ್ಳಿ. ಕಷ್ಟವಿರುವುದು ಪಕ್ಕದ ಜೋಡಣೆ ಬರುವ ಜಾಗದಲ್ಲಿ ಮಾತ್ರ, ಅಲ್ಲಿ ಬಟ್ಟೆಯ ಪದರಗಳು ಒಂದರ ಮೇಲೊಂದು ಕೂತು ಗುಡ್ಡವಾಗಿರುತ್ತವೆ. ಆ ಜಾಗವನ್ನು ಮೊದಲೇ ಒರಳಕಲ್ಲಿನ ಅಂಚಿಗಿಟ್ಟು ಸುತ್ತಿಗೆಯಿಂದ ಎರಡೇಟು ಹಾಕಿದರೆ ಚಪ್ಪಟೆಯಾಗುತ್ತದೆ. ಹೊಲಿಯುತ್ತಾ ಫುಟ್ಟಿನ ಮೂತಿ ಗುಡ್ಡ ಹತ್ತಲು ಮೇಲೆದ್ದಾಗ, ಹಿಂಬದಿಗೆ ಅಷ್ಟೇ ದಪ್ಪಕ್ಕೆ ಮಡಚಿದ ಜೀನ್ಸ್ ತುಂಡೊಂದನ್ನು ಸೇರಿಸಿ ಫುಟ್ಟನ್ನು ಸಮತಟ್ಟು ಮಾಡಿ, ಆ ನಾಲ್ಕಾರು ಹೊಲಿಗೆಗಳನ್ನು ಕೈಯಿಂದ ಚಕ್ರ ತಿರುಗಿಸಿ ಹಾಕಿ. ಫುಟ್ ವಾಲಿದ್ದಾಗಲೇ ಸೂಜಿ ಬಾಗಿ ತಗಡಿಗೆ ತಾಗಿ ಮುರಿಯುವುದು.

ಅವ್ವನ ಮಷಿನ್ನಿನಲ್ಲಿ ಆಗದಿರುವುದನ್ನೂ ಹೇಳಬೇಕು. ಅದು ಅಂಕುಡೊಂಕಿನ ಹೊಲಿಗೆ ಹಾಕುವುದಿಲ್ಲ. ಆದ್ದರಿಂದ ಸೀರೆಗೆ ಪಿಕೋ ಆಗದು, ಕಾಜಾ ಆಗದು, ಟೀ ಶರ್ಟಿನಂತಹ ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಎಳೆದಾಗ ದಾರ ಕಿತ್ತುಬರುತ್ತದೆ. ಇಲ್ಲಿ ಮಗನ ಶಾಲೆಯ ಅಂಗಿಗಳು ಹೆಣೆದ ಬಟ್ಟೆಯವಾದ್ದರಿಂದ ನನಗೆ ಅಂಕುಡೊಂಕಿನ ಹೊಲಿಗೆ ಬೇಕೇ ಬೇಕಾಯಿತು. ಗುಂಡುಮೊನೆಯ ಸೂಜಿ ಹಾಕಿ, ಕಿರಿದಾದ ಅಂಕುಡೊಂಕಿನಲ್ಲಿ ಹೊಲಿದರೆ ಸೂಜಿ ನೂಲನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತದೆ, ಹೊಲಿಗೆಯೂ ಬಟ್ಟೆಯೊಡನೆ ಹಿಗ್ಗುತ್ತದೆ. ನಿಮಗೂ ಇದರ ಅಗತ್ಯ ಹೆಚ್ಚೆಂದು ಒಂದು ವರ್ಷದ ಬಳಕೆಯ ನಂತರ ತೋರಿದರೆ, ಆಗ ಹತ್ತು ಹನ್ನೆರಡು ಹೊಲಿಗೆಗಳಿರುವ, ಗುಂಡಿ ತಿರುಗಿಸಿ ನಡೆಸುವ ಸಾದಾ ವಿದ್ಯುತ್ ಮಷಿನ್ ಕೊಳ್ಳಿ. ಕೊಳ್ಳುವ ಮುನ್ನ ಅಂಗಡಿಯವರಿಗೆ ಮನೆಯಿಂದ ಒಯ್ದ ಬಟ್ಟೆಯ ತುಂಡುಗಳನ್ನೇ ಕೊಟ್ಟು ಹೊಲಿದು ತೋರಿಸಲು ಹೇಳಿ: ಒಂದು ಹಳೆಯ ಸೀರೆಯದು, ಒಂದು ಟೀ ಶರ್ಟಿನದು, ನಾಲ್ಕು ಪದರ ಮಡಚಿದ ಜೀನ್ಸಿನದು. ಅವರು ಇಟ್ಟುಕೊಂಡಿರುವ ಗಂಜಿ ಹಾಕಿದ ಬಿಳಿ ಬಟ್ಟೆಯ ಮೇಲೆ ಯಾವ ಮಷಿನ್ನಾದರೂ ಚೆನ್ನಾಗಿಯೇ ಹೊಲಿಯುತ್ತದೆ. ರಿಪೇರಿ ಮಾಡುವವರು ಬಳ್ಳಾರಿಯಲ್ಲಿಯೇ ಇದ್ದಾರೆಯೇ, ಬಾಬಿನ್ನು ಅಲ್ಲಿಯೇ ಸಿಗುತ್ತದೆಯೇ ಎಂದೂ ಕೇಳಿ. ಇಲ್ಲಿಂದ ತನ್ನಿ ಎಂದರೆ ತರುವೆನಾದರೂ, ವೋಲ್ಟೇಜು ಎರಡೂ ಕಡೆ 230 ಇದ್ದು ಪ್ಲಗ್ಗಿನ ಆಕಾರವಷ್ಟೇ ಬೇರೆಯಾಗಿದ್ದರೂ, ಕೆಟ್ಟಾಗ ಬಿಡಿಭಾಗಕ್ಕೆ ಅಲೆಯುವವರು ನೀವು.

ಕಲಿಯಲು ಬ್ಲೌಸಿನಿಂದ ಆರಂಭಿಸಬೇಡಿ. ದಿಂಬಿನ ಗವಸು, ಚೀಲ, ಆಮೇಲೆ ಲಂಗ, ಆಮೇಲೆ ಬ್ಲೌಸು. ಹೊಸ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಕೊಳ್ಳಿ, ಇಲ್ಲವಾದರೆ ಹೊಲಿದಾದ ಮೇಲೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಸೀರೆಯ ಫಾಲನ್ನು ಮಾತ್ರ ಅವ್ವ ಮಾಡುವಂತೆ ಕೈಯಲ್ಲಿಯೇ ಹಾಕಿ, ಮಷಿನ್ನಿನ ಹೊಲಿಗೆ ಮೇಲೆ ಕಾಣುತ್ತದೆ, ನೆರಿಗೆಯೂ ಬಿಗಿಯಾಗಿ ನಿಲ್ಲುತ್ತದೆ. ಕೌದಿಯ ವಿಷಯದಲ್ಲಿ ಅವ್ವನೊಡನೆ ನನ್ನದು ಹಳೆಯ ವಾದ. ಮೇಲಿನ ಚೂರುಗಳನ್ನು ಮಷಿನ್ನಿನಲ್ಲಿ ಜೋಡಿಸಿದರೆ ಕೆಲಸ ಬೇಗ ಆಗುತ್ತದೆ ಎಂದು ನಾನು, ಅದು ಕೌದಿಯೇ ಅಲ್ಲ ಎಂದು ಅವಳು. ಹಳೆಯ ಸೀರೆಗಳ ಪದರಗಳನ್ನು ಒಳಗಿಟ್ಟು ಹಾಕುವ ಸಾಲು ಹೊಲಿಗೆ ಕೈಯಲ್ಲಿಯೇ ಆಗಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಅಷ್ಟು ದಪ್ಪ ಫುಟ್ಟಿನ ಕೆಳಗೆ ಹೋಗುವುದೂ ಇಲ್ಲ.

ಈ ಪತ್ರ ತಲುಪಿದ ಮೇಲೆ ಮಷಿನ್ನಿನ ಬಾಬಿನ್ ಕೇಸನ್ನು ಹೊರತೆಗೆದು ಎರಡೂ ಬದಿಯಿಂದ ಒಂದೊಂದು ಫೋಟೋ ಕಳುಹಿಸಿ. ಅದು ದುಂಡಗಿನ ಬಾಬಿನ್ನಿನದಾಗಿದ್ದರೆ ಸೂಜಿ, ಬಾಬಿನ್ ಎಲ್ಲವೂ ಅಲ್ಲಿಯೇ ಸಿಗುತ್ತವೆ. ದೋಣಿಯಾಕಾರದ ಶಟಲಾಗಿದ್ದರೆ ತಿಳಿಸಿ, ಹಳೆಯ ಬಿಡಿಭಾಗಗಳು ಇಲ್ಲಿ ದೊರೆಯುವುದರಿಂದ ದೀಪಾವಳಿಗೆ ಬರುವಾಗ ತರುತ್ತೇನೆ. ಗುಂಡುಮೊನೆಯ ಸೂಜಿಗಳನ್ನಂತೂ ತರುವೆ. ಗುಜರಿಯವರಿಂದ ಅಣ್ಣ ಮುಂಗಡವೇನಾದರೂ ತೆಗೆದುಕೊಂಡಿದ್ದರೆ ಹಿಂದಿರುಗಿಸಲು ಹೇಳಿ.

ಅವ್ವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿಮ್ಮ ನಾದಿನಿ