ಪದ್ಮಿನಿ ಗೇರ್‌ಬಾಕ್ಸ್ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಅಪ್ಪಯ್ಯನ ಪ್ರೀಮಿಯರ್ ಪದ್ಮಿನಿಗೆ ಹಳೆಯ ಗೇರ್‌ಬಾಕ್ಸ್ ಒಂದು ಬೇಕು. ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಹಾಕುವ, 4 ಗೇರಿನದು. ಕೆಳಗಿನಿಂದ ಲಿವರ್ ಬರುವಂಥದ್ದು ಬೇಡ. ಮೊನ್ನೆ ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರ್ ತಾನಾಗೇ ಜಾರಿ ನ್ಯೂಟ್ರಲ್‌ಗೆ ಬಂತು. ಬರೀ ಬ್ರೇಕ್ ಮೇಲೆ ಕಾಲಿಟ್ಟೇ ಕೆಳಗೆ ಮುಟ್ಟಿದೆ. ಬಿಚ್ಚಿ ನೋಡಿದರೆ ಎಣ್ಣೆಯಲ್ಲಿ ಹಲ್ಲಿನ ಚೂರುಗಳು! ಈ ಕಾರು ಬರುವುದು ನಿಂತು 20 ವರ್ಷದ ಮೇಲಾಯಿತು, ಸಾಮಾನು ಸಿಗುವುದು ಕಷ್ಟ ಅಲ್ವಾ?

ಶಿರಸಿ, ಕುಮಟಾ, ಅಂಕೋಲಾ ಕಡೆಯ ಗುಜರಿಯಲ್ಲೋ ಯಾರದೋ ಕೊಟ್ಟಿಗೆಯಲ್ಲೋ ಕಂಡರೆ ದಯವಿಟ್ಟು ತಿಳಿಸಿ. ಶಾಫ್ಟ್ ಕೈಯಲ್ಲಿ ತಿರುಗಿಸಿ, ನಾಲ್ಕೂ ಗೇರ್ ಮತ್ತು ರಿವರ್ಸ್ ಬೀಳುತ್ತದಾ ನೋಡಿ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಜಾಸ್ತಿ ಇದ್ದರೆ ಬಿಟ್ಟುಬಿಡಿ. ಫೋಟೊ, ಬೆಲೆ ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಭಾನುವಾರ ನಾನೇ ಬರುತ್ತೇನೆ.

ಗೋಕರ್ಣಕ್ಕೆ ನನ್ನ ಕಾರಲ್ಲಿ ಬರಬೇಕಿದ್ದವರು ಬೇರೆ ವ್ಯವಸ್ಥೆ ಮಾಡಿಕೊಳ್ಳಿ, ಕ್ಷಮಿಸಿ.