ಎಂಟನೇ ತರಗತಿಯ ಪೋಷಕರಿಗೆ: ಕಾರ್ನ್‌ವಾಲಿಸ್ ಪ್ರಾಜೆಕ್ಟ್ ಮತ್ತು ಶನಿವಾರದ ಕೋಟೆ ಭೇಟಿ

ಪ್ರಿಯ ಪೋಷಕರೇ,

ನಮಸ್ಕಾರ. ಎಂಟನೇ ತರಗತಿಯ ಮಕ್ಕಳಿಗೆ ಸಮಾಜ ವಿಜ್ಞಾನದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದೇವೆ. "ಬ್ರಿಟಿಷರವನೇ ಯಾಕೆ ಮೇಡಂ, ನಮ್ಮವರು ಯಾರೂ ಸಿಗಲಿಲ್ವಾ?" ಅಂತ ಮೂರ್ನಾಲ್ಕು ಜನ ಫೋನ್ ಮಾಡಿ ಕೇಳಿದಿರಿ. ಕೇಳಿದ್ದು ಒಳ್ಳೇದೇ ಆಯಿತು.

ನಮ್ಮ ಮಕ್ಕಳಿಗೆ ಕಾರ್ನ್‌ವಾಲಿಸ್ ಅಂದರೆ '1793, ಖಾಯಂ ಜಮೀನ್ದಾರಿ ಪದ್ಧತಿ' (ಜಮೀನ್ದಾರರು ಕಟ್ಟಬೇಕಾದ ಕಂದಾಯವನ್ನು ಶಾಶ್ವತವಾಗಿ ನಿಗದಿ ಮಾಡಿದ್ದು). ಅಷ್ಟೇ. ಪರೀಕ್ಷೆ ಮುಗಿದ ಮರುದಿನ ಅದೂ ಮರೆತುಹೋಗುತ್ತದೆ. ಅವನೂ ಒಂದು ಕಾಲಕ್ಕೆ ಶಾಲಾ ಹುಡುಗನೇ ಆಗಿದ್ದ ಅಂದರೆ ಕಿವಿ ನಿಮಿರುತ್ತದೆ. 1738ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವ. ಈಟನ್ ಶಾಲೆಯಲ್ಲಿ ಹಾಕಿ ಆಡುವಾಗ ಕಣ್ಣಿಗೆ ಏಟು ಬಿದ್ದು, ಆ ಕಣ್ಣು ಕೊನೆವರೆಗೂ ಕೊಂಚ ಓರೆಯಾಗೇ ಉಳಿಯಿತು. ಹೊಡೆದ ಹುಡುಗ ದೊಡ್ಡವನಾಗಿ ಬಿಷಪ್ ಆದ!

ಸೈನ್ಯ ಸೇರಿದ, 21ನೇ ವಯಸ್ಸಿಗೇ ಪಾರ್ಲಿಮೆಂಟಿಗೂ ಹೋದ. ಅಮೆರಿಕದ ವಸಾಹತುಗಳ ಮೇಲೆ ಯಾವ ಕಾನೂನು ಬೇಕಾದರೂ ಹೇರುವ ಹಕ್ಕು ನಮಗಿದೆ ಎಂದು 1766ರಲ್ಲಿ ಪಾರ್ಲಿಮೆಂಟು ಹೇಳಿಕೊಂಡಾಗ, ಬೇಡ ಅಂದ ಬೆರಳೆಣಿಕೆಯ ಲಾರ್ಡ್‌ಗಳಲ್ಲಿ ಈತನೂ ಒಬ್ಬ. ಹತ್ತು ವರ್ಷ ಕಳೆಯಿತು ನೋಡಿ, ಅದೇ ಅಮೆರಿಕನ್ನರ ಮೇಲೆ ಯುದ್ಧಕ್ಕೆ ಹಡಗು ಹತ್ತಿದ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತ. ಶರಣಾಗುವ ದಿನ ಮೈಗೆ ಹುಷಾರಿಲ್ಲ ಅಂತ ಹೇಳಿ, ಕತ್ತಿ ಒಪ್ಪಿಸೋಕೆ ತನ್ನ ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ. ಹೋಂವರ್ಕ್ ಮಾಡದ ದಿನ ಬರುವ ಹೊಟ್ಟೆನೋವು ನೆನಪಾಗುತ್ತೆ, ಅಲ್ವಾ?

ಹಾಗೆ ಸೋತವನು 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಹೊರಟ. 1791ರ ಮಾರ್ಚ್ 7ರಂದು ನಮ್ಮ ಬೆಂಗಳೂರಿನ ಪೇಟೆ ಅವನ ಕೈಸೇರಿತು. 21ರ ರಾತ್ರಿ ಕೋಟೆ ಬಿತ್ತು, ಕಿಲ್ಲೇದಾರ (ಕೋಟೆ ಕಾಯುವ ಮುಖ್ಯಸ್ಥ) ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋದವನಿಗೆ ಮೇ ತಿಂಗಳಲ್ಲಿ ಮಳೆ ಹಿಡಿಯಿತು. ದವಸ ಮುಗಿಯಿತು, ಎತ್ತುಗಳು ಸತ್ತವು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ವಾಪಸಾದ. ಮರುವರ್ಷ ಮತ್ತೆ ಬಂದು ಗೆದ್ದ.

ಒಪ್ಪಂದದ ಷರತ್ತು ಇಷ್ಟು: ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕು. ಅಲ್ಲಿವರೆಗೆ ಇಬ್ಬರು ಗಂಡುಮಕ್ಕಳು ಒತ್ತೆ. ಒಬ್ಬನಿಗೆ ಹತ್ತರ ಆಸುಪಾಸು, ಚಿಕ್ಕವನಿಗೆ ಎಂಟು. ಆನೆ ಮೇಲೆ ಬಂದ ಆ ಮಕ್ಕಳಿಗೆ ಕಾರ್ನ್‌ವಾಲಿಸ್ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಆಮೇಲೆ ಮದ್ರಾಸಿಗೆ ಕಳಿಸಿದ. ಅವರು ಅಪ್ಪನ ಹತ್ತಿರ ವಾಪಸಾದದ್ದು 1794ರಲ್ಲಿ. ಇದನ್ನು ಹೇಳಿದಾಗ ತರಗತಿ ಗಪ್‌ಚಿಪ್ ಆಗಿತ್ತು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, "ಮಿಸ್, ಅವನು ಒಳ್ಳೆಯವನಾ ಕೆಟ್ಟವನಾ?" ಅಂದಳು. ಈ ಪ್ರಾಜೆಕ್ಟ್ ಕೊಟ್ಟಿದ್ದೇ ಆ ಪ್ರಶ್ನೆಗೋಸ್ಕರ.

ಉತ್ತರ ದಯವಿಟ್ಟು ನೀವು ಬರೆದುಕೊಡಬೇಡಿ. ಕಳೆದ ಸಲ ಅರ್ಧಕ್ಕರ್ಧ ಪ್ರಾಜೆಕ್ಟ್‌ಗಳು ಅಂಗಡಿಯ ಪ್ರಿಂಟ್‌ಔಟ್. ಥರ್ಮಾಕೋಲ್ ಕೋಟೆಯೂ ಬೇಡ. ಎರಡು ಪುಟ, ಮಗುವಿನದೇ ಕೈಬರಹ, ತಪ್ಪಿದ್ದರೂ ಪರವಾಗಿಲ್ಲ. ಐರ್ಲೆಂಡಿನಲ್ಲಿ ಆಳಿದ್ದು, 1805ರಲ್ಲಿ ಮತ್ತೆ ಇಲ್ಲಿಗೆ ಬಂದು ಕೆಲವೇ ತಿಂಗಳಲ್ಲಿ ಗಾಜಿಪುರದಲ್ಲಿ ತೀರಿಕೊಂಡಿದ್ದು, ಇವನ್ನು ಬೇಕಾದವರು ಸೇರಿಸಲಿ.

ಮುಂದಿನ ಶನಿವಾರ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಗೆ ಕರೆದುಕೊಂಡು ಹೋಗುತ್ತೇವೆ. ಗೋಡೆ ಒಡೆದು ಬ್ರಿಟಿಷರು ಒಳನುಗ್ಗಿದ ಜಾಗಕ್ಕೆ ಅಲ್ಲೊಂದು ಕಲ್ಲಿನ ಫಲಕವಿದೆ, ತೋರಿಸುತ್ತೇವೆ. ಬೆಳಿಗ್ಗೆ 8ಕ್ಕೆ ಬಸ್ಸು. ಟೋಪಿ, ನೀರಿನ ಬಾಟಲಿ, ಚಿತ್ರಾನ್ನವೋ ಮೊಸರನ್ನವೋ ಒಂದು ಡಬ್ಬಿ ಸಾಕು. ಒಪ್ಪಿಗೆ ಚೀಟಿಗೆ ಸಹಿ ಮಾಡಿ ಗುರುವಾರದೊಳಗೆ ಕಳಿಸಿ. ಜೊತೆಗೆ ಬರಲು ಇಬ್ಬರು ಪೋಷಕರು ಬೇಕು, ಬಿಡುವಿದ್ದವರು ಆಫೀಸಿನಲ್ಲಿ ಹೆಸರು ಬರೆಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ