ಮೋಟರ್‌ಹೋಮ್‌ನ ‘ಎಕ್ಸ್‌ಟೆಂಡೆಡ್ ವಾರಂಟಿ’: ಏನು ಸೇರಿಲ್ಲ ಎಂಬುದನ್ನು ಮೊದಲು ಓದಿ

ಮಾನ್ಯ ಸಂಪಾದಕರೇ,

ಅಮೆರಿಕದ ಕನ್ನಡಿಗರು ಮೋಟರ್‌ಹೋಮ್ (ಒಳಗೇ ಅಡುಗೆಮನೆ, ಹಾಸಿಗೆ ಇರುವ ಗಾಡಿ) ಕೊಂಡು ಊರೂರು ಸುತ್ತುವುದರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ‘ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿಬಿಟ್ಟರೆ ರಿಪೇರಿಯ ತಲೆನೋವಿಲ್ಲ’ ಎಂಬ ಸಾಲು ಸರಿಯಲ್ಲ. ಆ ಮಾತು ನಂಬಿ ಐದಾರು ಸಾವಿರ ಡಾಲರ್ ಕಟ್ಟಿಬಿಡುವವರಿದ್ದಾರೆ. ಅದಕ್ಕೇ ಈ ಪತ್ರ. ಉದ್ದವಾಯಿತೆಂದು ದಯವಿಟ್ಟು ಕತ್ತರಿ ಹಾಕಬೇಡಿ.

ಮೊದಲನೆಯದಾಗಿ, ಅದು ವಾರಂಟಿಯೇ ಅಲ್ಲ. ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ ವಾಹನದ ಬೆಲೆಯಲ್ಲೇ ಸೇರಿಬರುವುದು ವಾರಂಟಿ. ಬೇರೆ ದುಡ್ಡು ಕೊಟ್ಟು ಕೊಳ್ಳುವುದು ಸರ್ವಿಸ್ ಕಾಂಟ್ರ್ಯಾಕ್ಟ್, ಅಂದರೆ ರಿಪೇರಿ ಖರ್ಚಿನ ಒಪ್ಪಂದ. ಬಹುಪಾಲು ಅದನ್ನು ಕೊಡುವುದು ವಾಹನ ತಯಾರಿಸಿದವರಲ್ಲ, ಮೂರನೆಯ ಕಂಪನಿ. ಡೀಲರ್‌ನ ಫೈನಾನ್ಸ್ ಕೋಣೆಯಲ್ಲಿ ಕೂತು ಸಹಿ ಮಾಡಿಸಿಕೊಳ್ಳುವವರು ಬರೀ ಮಾರಾಟಗಾರರು. ಅವರು ಬಾಯಲ್ಲಿ ಹೇಳಿದ್ದಕ್ಕೆ ಕಾಗದದಲ್ಲಿ ಜಾಗವಿಲ್ಲ.

ಕಾರಿಗೂ ಮೋಟರ್‌ಹೋಮ್‌ಗೂ ಇರುವ ವ್ಯತ್ಯಾಸ ಇಲ್ಲೇ ಮುಖ್ಯವಾಗುತ್ತದೆ. ಎಂಜಿನ್ ಮತ್ತು ಚಾಸಿಸ್ (ಚಕ್ರ ಸಮೇತ ಅಡಿಯ ಚೌಕಟ್ಟು) ಫೋರ್ಡ್, ಫ್ರೈಟ್‌ಲೈನರ್ ಅಥವಾ ಮರ್ಸಿಡಿಸ್‌ನದು. ಮೇಲಿನ ಮನೆ ಕಟ್ಟುವವರು ಬೇರೆ. ಅವರಲ್ಲಿ ಬಹಳಷ್ಟು ಕಾರ್ಖಾನೆಗಳಿರುವುದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ. ಫ್ರಿಜ್, ಎಸಿ, ಜನರೇಟರ್, ಜ್ಯಾಕ್ ಇವಕ್ಕೆಲ್ಲ ಮತ್ತೊಬ್ಬೊಬ್ಬರು. ಒಂದೇ ಗಾಡಿಗೆ ನಾಲ್ಕೈದು ವಾರಂಟಿ ಪುಸ್ತಕ. ಡ್ಯಾಶ್‌ಬೋರ್ಡಿನ ಹಿಂದೆ ವೈರ್ ಸುಟ್ಟರೆ ಚಾಸಿಸ್‌ನವರು ಮನೆ ಕಟ್ಟಿದವರ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ಮನೆ ಭಾಗದ ವಾರಂಟಿ ಸಾಮಾನ್ಯವಾಗಿ ಒಂದೇ ವರ್ಷ. ಪದೇಪದೇ ಕೆಡುವ ಹೊಸ ವಾಹನವನ್ನು ತಯಾರಕರು ವಾಪಸ್ ಪಡೆಯಬೇಕೆನ್ನುವ ಕ್ಯಾಲಿಫೋರ್ನಿಯಾದ ಲೆಮನ್ ಕಾನೂನು ‘ಹೊಸ ಮೋಟಾರು ವಾಹನ’ ಎಂದು ಹೇಳುವಾಗ ಮೋಟರ್‌ಹೋಮ್‌ನ ಚಾಸಿಸ್ ಮತ್ತು ಓಡಿಸುವ ಭಾಗವನ್ನಷ್ಟೇ ಸೇರಿಸಿ, ವಾಸದ ಭಾಗವನ್ನು ಹೊರಗಿಟ್ಟಿದೆ. ಆ ಖಾಲಿ ಜಾಗವನ್ನು ತುಂಬಲೆಂದೇ ಈ ಕಾಂಟ್ರ್ಯಾಕ್ಟ್ ಮಾರುತ್ತಾರೆ. ತುಂಬುತ್ತದೆಯೇ ಎಂಬುದು ಕೆಡುವ ಸಾಮಾನು ಯಾವುದು, ಯಾಕೆ ಕೆಡುತ್ತದೆ ಎಂಬುದರ ಮೇಲೆ ನಿಂತಿದೆ.

ಗ್ಯಾಸ್‌ನಲ್ಲೂ ಕರೆಂಟ್‌ನಲ್ಲೂ ಓಡುವ ಅಬ್ಸಾರ್ಪ್ಶನ್ ಫ್ರಿಜ್ ತೆಗೆದುಕೊಳ್ಳಿ. ಅದರಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯ, ನೀರು, ಹೈಡ್ರೋಜನ್ ಮತ್ತು ತುಕ್ಕು ಹಿಡಿಯದಂತೆ ಹಾಕಿದ ಸೋಡಿಯಂ ಕ್ರೋಮೇಟ್ ಇವೆ. ದ್ರವ ಕೆಳಗಿಳಿಯುವುದು ತನ್ನ ಭಾರದಿಂದಲೇ. ಗಾಡಿಯನ್ನು ಓರೆಯಾಗಿ ನಿಲ್ಲಿಸಿ ರಾತ್ರಿಯಿಡೀ ಫ್ರಿಜ್ ಓಡಿಸಿದರೆ ಬಾಯ್ಲರ್‌ನಲ್ಲಿ ದ್ರವ ನಿಂತು, ಅತಿಯಾಗಿ ಕಾಯ್ದು, ಕ್ರೋಮೇಟ್ ಹರಳುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಒಮ್ಮೆ ಕಟ್ಟಿದರೆ ಬಿಡಿಸಲು ಬಾರದು, ಇಡೀ ಕೂಲಿಂಗ್ ಯೂನಿಟ್ ಬದಲಿಸಬೇಕು. ಹಿಂದಿನ ಮುಚ್ಚಳ ತೆಗೆದಾಗ ಹಳದಿ ಪುಡಿ ಕಂಡರೆ, ಅಮೋನಿಯ ಮೂಗಿಗೆ ಹೊಡೆದರೆ, ಕೊಳವೆ ಸೋರಿದೆ ಎಂದರ್ಥ. ಫ್ರಿಜ್ ಎಂಬ ಹೆಸರು ಕಾಂಟ್ರ್ಯಾಕ್ಟ್‌ನಲ್ಲಿ ಇದ್ದರೂ, ಕಂಪನಿಯ ಇನ್‌ಸ್ಪೆಕ್ಟರ್ ಬಂದು ‘ಓರೆಯಾಗಿ ಓಡಿಸಿದ್ದರಿಂದ ಕೆಟ್ಟಿದೆ, ಇದು ತಪ್ಪು ಬಳಕೆ’ ಎಂದು ಬರೆದರೆ ಹಣ ಬರುವುದಿಲ್ಲ.

ಜನರೇಟರ್ ಕತೆಯೂ ಅದೇ. ಕಾರ್ಬ್ಯುರೇಟರ್ ಇರುವ ಪೆಟ್ರೋಲ್ ಜನರೇಟರನ್ನು ಚಳಿಗಾಲವಿಡೀ ನಿಲ್ಲಿಸಿಬಿಟ್ಟರೆ ಎಥನಾಲ್ ಬೆರೆತ ಪೆಟ್ರೋಲ್ ಅಂಟುಗಟ್ಟಿ ಇಂಧನ ಹಾಯುವ ಸಣ್ಣ ರಂಧ್ರಗಳು (ಜೆಟ್) ಮುಚ್ಚಿಹೋಗುತ್ತವೆ. ತಿಂಗಳಿಗೊಮ್ಮೆ ಅರ್ಧ ಲೋಡ್‌ನಲ್ಲಿ 2 ಗಂಟೆ ಓಡಿಸಬೇಕು. ಬರೀ ಐಡಲ್ ಅಲ್ಲ, ಮೇಲಿನ ಎಸಿಯನ್ನಾದರೂ ಹಾಕಿರಬೇಕು. ಹಳಸಿದ ಇಂಧನದಿಂದಾದ ಕೆಡುಕನ್ನು ಕಾಂಟ್ರ್ಯಾಕ್ಟ್‌ಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಜನರೇಟರ್‌ನ ಗಂಟೆ ಮೀಟರ್ ಎಷ್ಟು ತೋರಿಸುತ್ತಿದೆ ಎಂದು ಅವರು ನೋಡಿಯೇ ನೋಡುತ್ತಾರೆ.

ಗೋಡೆಯೇ ಹೊರಗೆ ಸರಿಯುವ ಸ್ಲೈಡ್‌ಔಟ್ ಮತ್ತೊಂದು. ಕೆಲವು ಬಗೆಯಲ್ಲಿ ಎರಡು ಬದಿಗೂ ಒಂದೊಂದು ಮೋಟರ್. ಎರಡೂ ಜೊತೆಜೊತೆಯಾಗಿ ಸಾಗಬೇಕು. ಬ್ಯಾಟರಿ 12 ವೋಲ್ಟ್‌ಗಿಂತ ಕೆಳಗಿಳಿದಾಗ, ಅಥವಾ ಪೂರ್ತಿ ಹೊರಬರುವ ಮುನ್ನವೇ ಬಟನ್ ಬಿಡುವ ಅಭ್ಯಾಸವಿದ್ದಾಗ, ತಾಳ ತಪ್ಪಿ ಕೋಣೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಮೋಟರ್, ಗೇರ್ ಕಾಂಟ್ರ್ಯಾಕ್ಟ್‌ನಲ್ಲಿ ಇರಬಹುದು. ಸುತ್ತಲಿನ ರಬ್ಬರ್ ಸೀಲ್ ಹೆಚ್ಚಾಗಿ ಇರುವುದಿಲ್ಲ. ಆ ಸೀಲ್‌ನಿಂದ ನೀರು ಇಳಿದು ನೆಲದ ಪ್ಲೈವುಡ್ ಕೊಳೆತರೆ ಅದಂತೂ ಇಲ್ಲವೇ ಇಲ್ಲ.

ಮೋಟರ್‌ಹೋಮ್‌ನ ಅತಿ ದೊಡ್ಡ ಖರ್ಚು ನೀರು ಸೋರಿ ಆಗುವ ಹಾನಿ, ಕಾಂಟ್ರ್ಯಾಕ್ಟ್‌ಗಳು ಮೊದಲು ಹೊರಗಿಡುವುದೂ ಅದನ್ನೇ. ಚಾವಣಿಯ ರಬ್ಬರ್ ಹಾಳೆಯ ಅಂಚು, ಎಸಿ, ಗವಾಕ್ಷಿ, ಆಂಟೆನಾ ಸುತ್ತ ನೀರು ಇಳಿಯದಂತೆ ಹಚ್ಚಿದ ಅಂಟು, ಅಂದರೆ ಸೀಲಂಟ್, ಬಿಸಿಲಿಗೆ ಬಿರಿಯುತ್ತದೆ. ವರ್ಷಕ್ಕೆ ಎರಡು ಸಲವಾದರೂ ಮೇಲೆ ಹತ್ತಿ ನೋಡಿ, ಬಿರಿದಲ್ಲಿ ಅದೇ ಜಾತಿಯ ಸೀಲಂಟ್ ಹಚ್ಚುವುದು ಮಾಲೀಕನ ಕೆಲಸ. ಒಂದು ಟ್ಯೂಬ್ ಸೀಲಂಟ್ ಮಾಡುವ ಕೆಲಸವನ್ನು ಯಾವ ಕಾಂಟ್ರ್ಯಾಕ್ಟೂ ಮಾಡುವುದಿಲ್ಲ.

ಇನ್ನು ಕಾಗದಕ್ಕೆ ಬರೋಣ. ಎರಡು ಬಗೆ ಇವೆ. ಒಂದರಲ್ಲಿ ‘ಇಷ್ಟು ಭಾಗಗಳಿಗೆ ಮಾತ್ರ’ ಎಂಬ ಪಟ್ಟಿ. ಇನ್ನೊಂದರಲ್ಲಿ ‘ಇವನ್ನು ಬಿಟ್ಟು ಎಲ್ಲಕ್ಕೂ’. ಎರಡನೆಯದನ್ನು ಎಕ್ಸ್‌ಕ್ಲೂಷನರಿ ಎನ್ನುತ್ತಾರೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು, ಏಕೆಂದರೆ ಹೊಸ ಗಾಡಿಯ ಕಂಟ್ರೋಲ್ ಬೋರ್ಡುಗಳ ಹೆಸರನ್ನೆಲ್ಲ ಯಾವ ಪಟ್ಟಿಯೂ ಹೇಳಿ ಮುಗಿಸಲಾರದು. ಡಿಡಕ್ಟಬಲ್, ಅಂದರೆ ನಮ್ಮ ಕೈಯಿಂದ ಹೋಗುವ ಮೊದಲ ಹಣ, ಗ್ಯಾರೇಜ್‌ಗೆ ಹೋದ ಪ್ರತಿ ಸಲಕ್ಕೋ ಅಥವಾ ಪ್ರತಿ ಕೆಟ್ಟ ಭಾಗಕ್ಕೋ ನೋಡಿ. 200 ಡಾಲರ್ ಡಿಡಕ್ಟಬಲ್ ಇದ್ದು, ಒಂದೇ ಭೇಟಿಯಲ್ಲಿ ನಾಲ್ಕು ಭಾಗಗಳ ಕೆಲಸವಾದರೆ ಪ್ರತಿ ಸಲದ ಲೆಕ್ಕದಲ್ಲಿ 200, ಪ್ರತಿ ಭಾಗದ ಲೆಕ್ಕದಲ್ಲಿ 800. ಗಂಟೆಯ ಕೂಲಿಗೆ ಮಿತಿ ಹಾಕಿದ್ದಾರೆಯೇ? ಗ್ಯಾರೇಜ್ ಗಂಟೆಗೆ 180 ಕೇಳಿ, ಕಂಪನಿ 130 ಕೊಟ್ಟರೆ, 10 ಗಂಟೆಯ ಕೆಲಸಕ್ಕೆ 500 ಡಾಲರ್ ನಿಮ್ಮದು. ದೋಷ ಹುಡುಕುವ ಸಮಯಕ್ಕೆ, ಬಿಚ್ಚಿ ನೋಡುವುದಕ್ಕೆ ಯಾರು ಕೊಡುತ್ತಾರೆ? ಬಿಚ್ಚಿದ ಮೇಲೆ ‘ಇದು ಸವೆತ, ನಮ್ಮದಲ್ಲ’ ಎಂದರೆ ಆ ಕೂಲಿಯೂ ನಿಮ್ಮ ತಲೆಗೇ. ಒಪ್ಪಿಗೆ ಸಿಗುವ ಮುನ್ನ ಒಂದು ಬೋಲ್ಟ್ ಬಿಚ್ಚಿದರೂ ಕ್ಲೇಮ್ ಹೋಯಿತು ಎನ್ನುವ ಷರತ್ತು ಸಾಮಾನ್ಯ. ಗಾಡಿ ನಿಂತಲ್ಲಿಗೇ ಬರುವ ಮೆಕ್ಯಾನಿಕ್ ಮಾಡಿದ ರಿಪೇರಿಗೂ ಹಣ ಕೊಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಕೇಳಿ; ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ನಡುವೆ ನಿಂತ ಗಾಡಿಗೆ ಅದೇ ಮುಖ್ಯ.

ಗಾಡಿಯನ್ನು ಬಾಡಿಗೆಗೆ ಬಿಡುವ ಯೋಚನೆಯಿದ್ದವರು, ಅದರಲ್ಲೇ ವರ್ಷವಿಡೀ ವಾಸಿಸುವವರು ಮತ್ತೆರಡು ಸಾಲು ಹೆಚ್ಚು ಓದಬೇಕು. ವಾಣಿಜ್ಯ ಬಳಕೆ, ಪೂರ್ಣಕಾಲದ ವಾಸ ಎಂಬ ಮಾತುಗಳು ಅನೇಕ ಕಾಂಟ್ರ್ಯಾಕ್ಟ್‌ಗಳನ್ನು ಅಲ್ಲಿಗೇ ರದ್ದು ಮಾಡುತ್ತವೆ. ಕಂತು ಕಟ್ಟಲು ಬೇಸಿಗೆಯಲ್ಲಿ ಬಾಡಿಗೆಗೆ ಕೊಟ್ಟವರಿಗೆ ಇದು ಕ್ಲೇಮ್ ಹಾಕಿದ ದಿನವೇ ಗೊತ್ತಾಗುವುದು.

ಕಾಂಟ್ರ್ಯಾಕ್ಟ್‌ನ ಹಿಂದೆ ಯಾರಿದ್ದಾರೆ? ಮಾರಿದವರು, ನಡೆಸುವವರು, ಹಣ ಕೊಡಬೇಕಾದವರು ಮೂವರೂ ಬೇರೆ ಬೇರೆ ಇರಬಹುದು. ಕಂಪನಿ ಮುಳುಗಿದರೂ ಕ್ಲೇಮ್ ಕೊಡುವ ವಿಮಾ ಕಂಪನಿಯ ಹೆಸರು ಕಾಂಟ್ರ್ಯಾಕ್ಟ್‌ನಲ್ಲೇ ಇರಬೇಕು. ವಿಮಾ ಕಂಪನಿಗಳ ಹಣಕಾಸಿನ ಬಲ ಅಳೆಯುವ ಎಎಂ ಬೆಸ್ಟ್ ಸಂಸ್ಥೆ ಅದಕ್ಕೆ ಕೊಟ್ಟ ದರ್ಜೆ ನೋಡಿ, ರಾಜ್ಯದ ವಿಮಾ ಇಲಾಖೆಯಲ್ಲಿ ಪರವಾನಗಿ ಇದೆಯೇ ಕೇಳಿ. ಸರ್ವಿಸ್ ಕಾಂಟ್ರ್ಯಾಕ್ಟ್ ಮಾರುವುದರಲ್ಲಿ ದೊಡ್ಡ ಹೆಸರು ಮಾಡಿದ್ದ ಯುಎಸ್ ಫಿಡೆಲಿಸ್ 2010ರಲ್ಲಿ ದಿವಾಳಿಯಾಯಿತು. ಟಿವಿ ಜಾಹೀರಾತು ದಾರಿ ತಪ್ಪಿಸುವಂತಿತ್ತೆಂಬ ಆರೋಪದ ಮೇಲೆ, ಇಂಥದೇ ಕಾಂಟ್ರ್ಯಾಕ್ಟ್ ಮಾರುವ ಕಾರ್‌ಶೀಲ್ಡ್ 2024ರ ಜುಲೈನಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 1 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ‘ನಿಮ್ಮ ವಾರಂಟಿ ಮುಗಿಯುತ್ತಿದೆ’ ಎಂದು ಬರುವ ಫೋನ್ ಕರೆಗೆ ಮಾತನಾಡದೆ ಇಟ್ಟುಬಿಡುವುದೇ ಸರಿ.

ಲೆಕ್ಕ ಹಾಕೋಣ. 5 ವರ್ಷದ ಕಾಂಟ್ರ್ಯಾಕ್ಟ್ 6,000 ಡಾಲರ್ ಎಂದುಕೊಳ್ಳಿ, ವರ್ಷಕ್ಕೆ 1,200. ಅದನ್ನು ಗಾಡಿಯ ಸಾಲಕ್ಕೇ ಸೇರಿಸಿ 15 ವರ್ಷ, ಶೇ 8 ಬಡ್ಡಿಗೆ ಕಟ್ಟಿದರೆ ತಿಂಗಳಿಗೆ ಬರೀ 57 ಡಾಲರ್ ಅನ್ನಿಸುತ್ತದೆ. ಒಟ್ಟು ಕೈಯಿಂದ ಹೋಗುವುದು 10,300 ಡಾಲರ್ ದಾಟುತ್ತದೆ, ಕಾಂಟ್ರ್ಯಾಕ್ಟ್ ಮುಗಿದ ಮೇಲೂ 10 ವರ್ಷ ಕಂತು ನಡೆಯುತ್ತಿರುತ್ತದೆ. ಫೈನಾನ್ಸ್ ಕೋಣೆಯಲ್ಲಿ ತಿಂಗಳ ಕಂತನ್ನಷ್ಟೇ ಹೇಳುವುದು ಇದಕ್ಕೇ. ಅಲ್ಲಿ ಹೇಳುವ ಬೆಲೆಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಚೌಕಾಸಿ ಮಾಡಿ, ಮಾದರಿ ಕಾಂಟ್ರ್ಯಾಕ್ಟನ್ನು ಮನೆಗೆ ತಂದು ಓದಿ.

ನನ್ನ ಮಾತು ಇಷ್ಟು. ವ್ಯಾನ್ ಗಾತ್ರದ ಸಣ್ಣ ಮೋಟರ್‌ಹೋಮ್, ಸ್ಲೈಡ್ ಇಲ್ಲ, ಎಂಜಿನ್ ವಾರಂಟಿ ಇನ್ನೂ ಇದೆ ಎಂದರೆ ಬೇಡ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅದೇ ಹಣವನ್ನು ಬೇರೆ ಖಾತೆಯಲ್ಲಿಡಿ. ಏಳೆಂಟು ವರ್ಷ ಹಳೆಯ, ಹಿಂದೆ ಎಂಜಿನ್ ಇರುವ ದೊಡ್ಡ ಡೀಸೆಲ್ ಗಾಡಿ, ನಾಲ್ಕು ಸ್ಲೈಡ್, ಹೈಡ್ರಾಲಿಕ್ ಜ್ಯಾಕ್, ಏರ್ ಸಸ್ಪೆನ್ಷನ್ ಎಂದರೆ ಒಳ್ಳೆಯ ಎಕ್ಸ್‌ಕ್ಲೂಷನರಿ ಕಾಂಟ್ರ್ಯಾಕ್ಟ್ ಬೆಲೆಬಾಳಬಹುದು. ಅಂಥ ಗಾಡಿಗೆ ಸಹಿ ಹಾಕುವ ಮುನ್ನ ಸ್ವತಂತ್ರ ಇನ್‌ಸ್ಪೆಕ್ಟರ್‌ನಿಂದ ತಪಾಸಣೆ ಮಾಡಿಸಿ; ಎಂಜಿನ್ ಎಣ್ಣೆ, ಗೇರ್‌ಬಾಕ್ಸ್ ಎಣ್ಣೆ, ಕೂಲೆಂಟ್ ಮೂರರ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿ. ಎಂಜಿನ್ ಎಣ್ಣೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು; ಸಿಲಿಕಾನ್ ಏರಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಹೋಗಿರಬಹುದು. ಆ ವರದಿಗೆ ಇನ್ನೊಂದು ಉಪಯೋಗವಿದೆ: ನಾಳೆ ‘ಈ ದೋಷ ಮೊದಲೇ ಇತ್ತು’ ಎಂದು ಕ್ಲೇಮ್ ತಳ್ಳಿದರೆ ಮುಖಕ್ಕೆ ಹಿಡಿಯಲು ಕಾಗದವಿರುತ್ತದೆ. ಎಣ್ಣೆ ಬದಲಿಸಿದ ಪ್ರತಿ ರಸೀದಿಯನ್ನೂ ದಿನಾಂಕ, ಮೈಲಿ ಸಮೇತ ಇಡಬೇಕು.

ನಮ್ಮೂರಿನಲ್ಲಿ ಟೆಂಪೊ ಟ್ರಾವೆಲರ್ ಚಾಸಿಸ್ ಮೇಲೆ ಕ್ಯಾರವಾನ್ ಕಟ್ಟಿಸುವವರಿಗೂ ಇದೇ ಗಂಟು. ಶೋರೂಮ್‌ನವರು ಮಾರುವ ವಿಸ್ತರಿತ ವಾರಂಟಿ ಎಂಜಿನ್, ಗೇರ್‌ಬಾಕ್ಸ್‌ಗೆ. ಒಳಗಿನ ಅಡುಗೆಮನೆ, ಇನ್ವರ್ಟರ್, ನೀರಿನ ಟ್ಯಾಂಕ್‌ಗೆ ಬಾಡಿ ಕಟ್ಟಿದವರೇ ಬರೆದುಕೊಡಬೇಕು. ವೈರಿಂಗ್ ಮುಟ್ಟಿದ್ದಾರೆಂದು ಶೋರೂಮ್‌ನವರು ಕೈ ಎತ್ತದಂತೆ, ಎಲ್ಲೆಲ್ಲಿ ಕರೆಂಟ್ ತೆಗೆದುಕೊಳ್ಳಬಹುದೆಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಅಮೆರಿಕದಲ್ಲಿ ಈಗಾಗಲೇ ಸಹಿ ಹಾಕಿಬಿಟ್ಟವರು ಕಾಂಟ್ರ್ಯಾಕ್ಟ್‌ನ ‘ಕ್ಯಾನ್ಸಲೇಷನ್’ ಪುಟ ಇವತ್ತೇ ತೆಗೆದು ನೋಡಿ. ಕ್ಲೇಮ್ ಹಾಕದಿದ್ದರೆ ಪೂರ್ತಿ ಹಣ ವಾಪಸ್ ಕೊಡುವ ಆರಂಭದ ದಿನಗಳ ಗಡುವು ಅಲ್ಲೇ ಇರುತ್ತದೆ. ಅದು ದಾಟಿದ ಮೇಲೂ ಉಳಿದ ಅವಧಿಗೆ ತಕ್ಕ ಹಣ ಕೇಳಬಹುದು. ಮೈಲಿ ಮೀಟರ್‌ನ ಫೋಟೊ, ಸಹಿ ಮಾಡಿದ ರದ್ದತಿ ಪತ್ರ ಎರಡನ್ನೂ ತಲುಪಿದ್ದಕ್ಕೆ ದಾಖಲೆ ಸಿಗುವ ಸರ್ಟಿಫೈಡ್ ಅಂಚೆಯಲ್ಲಿ ಡೀಲರ್‌ಗೂ ಕಂಪನಿಗೂ ಕಳಿಸಿ. ಸಾಲದಲ್ಲಿ ಸೇರಿದ್ದರೆ ಆ ಹಣ ನಿಮ್ಮ ಕೈಗೆ ಬರುವುದಿಲ್ಲ, ಬ್ಯಾಂಕಿಗೆ ಹೋಗಿ ಅಸಲಿನಲ್ಲಿ ಕಳೆಯುತ್ತದೆ. ಕಂತು ಅಷ್ಟೇ ಇರುತ್ತದೆ, ಸಾಲ ಬೇಗ ತೀರುತ್ತದೆ.

ಇಂತಿ,
ಫ್ರೀಮಾಂಟ್‌ನ ಓದುಗ, ಕ್ಯಾಲಿಫೋರ್ನಿಯಾ